ಕಾವು ಮರೆತ ಹಕ್ಕಿ, ಕಾವು ಕಲಿತ ಮನುಷ್ಯ

ಸಾಕಿದ ಗೌಜಲಕ್ಕಿ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಆರನೇ ವಾರದ ಹೊತ್ತಿಗೆ ಮೊಟ್ಟೆ ಶುರು ಮಾಡಿ ವರ್ಷಕ್ಕೆ 250ರಿಂದ 300ರವರೆಗೆ ಇಡುವ ಈ ಪುಟ್ಟ ಹಕ್ಕಿ, ಇಟ್ಟದ್ದನ್ನು ನೆಲದ ಮೇಲೆಯೇ ಬಿಟ್ಟು ಕಾಳಿನ ಕಡೆ ನಡೆದುಬಿಡುತ್ತದೆ. ಇವತ್ತು ಪಂಜರಗಳಲ್ಲಿ ಕಾಣುವ ಹೆಚ್ಚುಕಡಿಮೆ ಎಲ್ಲ ಗೌಜಲಕ್ಕಿಗಳೂ ಮನುಷ್ಯ ಒದಗಿಸಿದ ಕಾವಿನಲ್ಲಿ, ಇಲ್ಲವೇ ಕೋಳಿಯಿಂದ ಎರವಲು ಪಡೆದ ಕಾವಿನಲ್ಲಿ ಹುಟ್ಟಿದವು. ಮನುಷ್ಯ ಆ ಕಾವನ್ನು ಕಲಿಯದೆ ಹೋಗಿದ್ದರೆ ಈ ತಳಿ ಉಳಿಯುತ್ತಿರಲಿಲ್ಲ.

ನಾನು ಬಸವಕಲ್ಯಾಣದವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಮನೆಯ ನಡುಕೋಣೆಯಲ್ಲಿ ಒಂದು ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬು, ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಪುಟ್ಟ ಫ್ಯಾನು, ಒಂದು ಥರ್ಮೋಸ್ಟಾಟ್ ಇಟ್ಟುಕೊಂಡು ಗೌಜಲಕ್ಕಿ ಮರಿ ಮಾಡಿಸುತ್ತಿದ್ದೇನೆ. ಪಕ್ಕದ ಮನೆಯಾಕೆ ಮರಿ ನೋಡಲು ಬಂದಾಗ ಕೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ಟೀಚರ್ರ, ಡಬ್ಬಿನೇ ಮರಿ ಮಾಡ್ತದಂದ್ರ ತಾಯಿ ಯಾಕ ಬೇಕ್ರಿ?” ಅದಕ್ಕೆ ಸರಿಯಾದ ಉತ್ತರ ಹುಡುಕುತ್ತ ಹೋದಾಗ ಈ ಹಕ್ಕಿಯ ಚರಿತ್ರೆ ನನಗೆ ಬೇರೆಯೇ ರೀತಿಯಲ್ಲಿ ತೆರೆದುಕೊಂಡಿತು. ತಾಯಿಹಕ್ಕಿ ಮಾಡುವ ಕೆಲಸ ಒಂದಲ್ಲ, ಹಲವು. ಅವನ್ನು ಮನುಷ್ಯ ಒಂದೊಂದಾಗಿ, ಬೇರೆ ಬೇರೆ ದೇಶಗಳಲ್ಲಿ, ಶತಮಾನಗಳ ಅಂತರದಲ್ಲಿ ಕಲಿತಿದ್ದಾನೆ. ನನ್ನ ಪೆಟ್ಟಿಗೆಯ ಒಂದೊಂದು ಭಾಗದ ಹಿಂದೆಯೂ ಅಂಥ ಒಂದು ಕಲಿಕೆ ಇದೆ.

ಕಥೆ ನಮ್ಮ ಊರಿನಿಂದಲೇ ಶುರು ಮಾಡಬಹುದು. ಇದು ಕಲ್ಯಾಣ ಚಾಲುಕ್ಯರ ರಾಜಧಾನಿ. 1126ರಿಂದ 1138ರವರೆಗೆ ಇಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ರಾಜ್ಯಭಾರದಿಂದ ಅಡುಗೆಯವರೆಗೆ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಆ ಪುಸ್ತಕದ ವಿನೋದಗಳ ಭಾಗದಲ್ಲಿ ಕೋಳಿಕಾಳಗದ ಜೊತೆಗೆ ಲಾವಕ ವಿನೋದವೂ ಇದೆ. ಲಾವಕವೆಂದರೆ ನಮ್ಮ ಹೊಲದ ಲಾವುಗೆ, ಬುರ್ಲಿ. ಇಲ್ಲಿಯ ದಖನಿ ಮಾತಿನವರಿಗೆ ಅದು ಬಟೇರ್. ಒಂಬೈನೂರು ವರ್ಷಗಳ ಹಿಂದೆ ಈ ಊರಿನ ಅರಮನೆಗೆ ಗೌಜಲಕ್ಕಿಯ ಬಳಗದ ಈ ಹಕ್ಕಿಯ ಪರಿಚಯ ಚೆನ್ನಾಗಿಯೇ ಇತ್ತು. ಮುಂದೆ ಅವಧದ ನವಾಬರ ಲಕ್ನೋದಲ್ಲಿ ಬಟೇರ್ ಕಾಳಗ ದೊಡ್ಡ ಶೋಕಿಯಾಗಿ ಬೆಳೆಯಿತು. ಆದರೆ ಕಾಳಗದವರಿಗೆ ಬೇಕಾದದ್ದು ಗಂಡು ಹಕ್ಕಿ. ಅದು ಬಲೆಯಲ್ಲಿ ಸಿಗುತ್ತಿತ್ತು, ಕೈಯಲ್ಲಿ ಪಳಗುತ್ತಿತ್ತು. ಅದರ ಮೊಟ್ಟೆಯ ಯೋಚನೆ ಅವರಿಗೆ ಬೇಕಿರಲಿಲ್ಲ. ಕಾಡಿನಲ್ಲಿ ತಾಯಿ ಕಾವು ಕೂತು ಮರಿ ಮಾಡುವವರೆಗೆ ಹಿಡಿಯುವವನಿಗೆ ಯಾವ ಕೊರತೆಯೂ ಇರಲಿಲ್ಲ.

ಕಾವಿನ ವಿದ್ಯೆ ಮೊದಲು ಬಲಿತದ್ದು ಬೇರೆ ಕಡೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ಈ ಬಳಗದ ಹಕ್ಕಿಯ ಮರಿಯೇ ಒಂದು ಅಕ್ಷರ. ಕಣ್ಣರಳಿಸಿ ನಿಂತ ಆ ಮರಿಯ ಚಿತ್ರ ‘ವ’ ಧ್ವನಿಗೆ ಗುರುತು. ವಲಸೆ ಬರುವ ಹಕ್ಕಿಗಳನ್ನು ಅಲ್ಲಿಯವರು ಬಲೆ ಬೀಸಿ ಹಿಡಿದು ತಿನ್ನುತ್ತಿದ್ದರು. ಅದೇ ನೆಲದಲ್ಲಿ ಕೋಳಿಮೊಟ್ಟೆಯನ್ನು ಕೋಳಿಯಿಲ್ಲದೆ ಮರಿ ಮಾಡುವ ಕಸುಬೂ ಬೆಳೆಯಿತು. ಈಜಿಪ್ಟಿನವರು ತಿಪ್ಪೆಯಲ್ಲಿ ಮೊಟ್ಟೆ ಹುಗಿದು ಮರಿ ಮಾಡುತ್ತಾರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಆಮೇಲಿನ ಕಾಲದ ಪ್ರವಾಸಿಗಳು ಹಸಿ ಇಟ್ಟಿಗೆಯ ದೊಡ್ಡ ಕಾವುಮನೆಗಳನ್ನು ಕಂಡರು. ನಡುವೆ ಒಂದು ಓಣಿ, ಎರಡೂ ಬದಿಗೆ ಮೇಲೊಂದು ಕೆಳಗೊಂದು ಗೂಡು, ಕೆಳಗಿನದರಲ್ಲಿ ಮೊಟ್ಟೆ, ಮೇಲಿನದರಲ್ಲಿ ಕುಳ್ಳು ಮತ್ತು ಹುಲ್ಲಿನ ಮಂದ ಉರಿ. ಉಷ್ಣಮಾಪಕ ಎಂಬುದೇ ಇಲ್ಲದ ಕಾಲವದು. ಕಾವುಮನೆಯವನು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಸಾಕೋ ಹೆಚ್ಚೋ ಎಂದು ಹೇಳುತ್ತಿದ್ದ. ತಂದೆಯಿಂದ ಮಗನಿಗೆ ಬಂದ ಆ ಅಂದಾಜಿನ ಮೇಲೆ ಸಾವಿರಾರು ಮೊಟ್ಟೆಗಳ ಭವಿಷ್ಯ ನಿಂತಿತ್ತು.

ಆ ಅಂದಾಜನ್ನು ಅಂಕಿಗೆ ಇಳಿಸಲು ಮನಸ್ಸು ಮಾಡಿದವನು ಫ್ರಾನ್ಸಿನ ರೆಯೋಮುರ್. ತನ್ನದೇ ಹೆಸರಿನ ಉಷ್ಣಮಾಪಕ ಮಾಡಿದ ಈ ವಿಜ್ಞಾನಿ, ಗೊಬ್ಬರದ ನಡುವೆ ಪೀಪಾಯಿ ಹುಗಿದು ಅದರೊಳಗೆ ಮೊಟ್ಟೆ ಇಟ್ಟು ಪ್ರಯೋಗ ಮಾಡಿದ. ಮರಿ ಮಾಡಿಸುವ ಕಲೆಯ ಬಗ್ಗೆ ಅವನ ಪುಸ್ತಕ 1749ರಲ್ಲಿ ಬಂತು. ಬಿಸಿಯನ್ನು ಅಳೆಯುವುದು ಹಾಗೆ ಸಾಧ್ಯವಾಯಿತು. ಒಂದೇ ಮಟ್ಟದಲ್ಲಿ ನಿಲ್ಲಿಸುವುದು ಇನ್ನೂ ಕಷ್ಟವಿತ್ತು. ಅದನ್ನು ಸಲೀಸು ಮಾಡಿದ್ದು 1881ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಿಯರ್‌ಸನ್ ತಂದ ಒಂದು ಪುಟ್ಟ ಲೋಹದ ಬಿಲ್ಲೆ. ಬಿಸಿಯಾದರೆ ಅದರೊಳಗಿನ ದ್ರವ ಆವಿಯಾಗಿ ಬಿಲ್ಲೆ ಉಬ್ಬುತ್ತಿತ್ತು, ಉಬ್ಬಿದಾಗ ಸರಳೊಂದು ಎದ್ದು ದೀಪದ ಬಿಸಿಯನ್ನು ಹೊರಕ್ಕೆ ಬಿಡುತ್ತಿತ್ತು. ತಣಿದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು, 1879ರಲ್ಲಿ, ಕ್ಯಾಲಿಫೋರ್ನಿಯಾದ ಪೆಟಲುಮಾ ಎಂಬ ಊರಲ್ಲಿ ಲೈಮನ್ ಬೈಸ್ ಇನ್ಕ್ಯುಬೇಟರ್ ಮಾಡಿದ್ದ. ಆ ಊರು ಮುಂದೆ ಜಗತ್ತಿನ ಮೊಟ್ಟೆಬುಟ್ಟಿ ಎಂದು ಹೆಸರು ಪಡೆಯಿತು. ನನ್ನ ಪೆಟ್ಟಿಗೆಯಲ್ಲಿ ಬಲ್ಬು ತಾನಾಗಿ ಹತ್ತಿ ಆರುವಾಗ ಟಕ್ಕೆಂದು ಕೇಳುವ ಸದ್ದು ಆ ಬಿಲ್ಲೆಯ ವಂಶದ್ದು.

ಕಾವಿನ ವಿದ್ಯೆ ಒಂದು ಕಡೆ ಹೀಗೆ ಬೆಳೆಯುತ್ತಿದ್ದರೆ, ಕಾವು ಬೇಕಾಗುವ ಹಕ್ಕಿ ಇನ್ನೊಂದು ಕಡೆ ತಯಾರಾಗುತ್ತಿತ್ತು. ಅದು ಜಪಾನಿನಲ್ಲಿ. ಅಲ್ಲಿಯವರು ಈ ಹಕ್ಕಿಯನ್ನು ಮೊದಲು ಸಾಕಿದ್ದು ಹಾಡಿಗಾಗಿ. 1603ರಿಂದ 1868ರವರೆಗಿನ ಎಡೋ ಕಾಲದಲ್ಲಿ ಸಾಮುರಾಯಿಗಳು ಗಂಡು ಹಕ್ಕಿಗಳನ್ನು ಅಂದದ ಪಂಜರಗಳಲ್ಲಿಟ್ಟು, ಕೂಗಿನ ಪಂದ್ಯಗಳಿಗೆ ಒಯ್ಯುತ್ತಿದ್ದರು. ಅವರ ಕಿವಿಗೆ ಆ ಕೂಗು ಶುಭಶಕುನವಾಗಿ ಕೇಳಿಸುತ್ತಿತ್ತು. ಕೂಗಿನ ಕಾಲ ಮುಗಿದು ಮೊಟ್ಟೆಯ ಕಾಲ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಹೆಚ್ಚು ಮೊಟ್ಟೆ ಇಡುವ ಹೆಣ್ಣುಗಳನ್ನು ಆರಿಸಿ ತಳಿ ಬೆಳೆಸಿದರು. ಐಚಿ ಪ್ರಾಂತ್ಯದ ತೊಯೊಹಾಶಿ ಊರಿನ ಸುತ್ತ ಈ ಕಸುಬು ನೆಲೆಯೂರಿತು; ಇವತ್ತಿಗೂ ಜಪಾನಿನ ಗೌಜಲಕ್ಕಿ ಮೊಟ್ಟೆಗೆ ಅದೇ ದೊಡ್ಡ ಕೇಂದ್ರ.

ಹಕ್ಕಿ ಕಾವು ಮರೆತದ್ದು ಈ ಆಯ್ಕೆಯಲ್ಲಿ. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ; ಅದು ಇಂಥ ಹಕ್ಕಿಗಳ ದೇಹದ ನಿಯಮ. ಮೊಟ್ಟೆಯ ಲೆಕ್ಕವಿಟ್ಟು ತಳಿ ಆರಿಸುವವನ ಕಣ್ಣಿಗೆ ಕೂತ ಹಕ್ಕಿ ಹಿಂದೆ ಬಿದ್ದದ್ದಾಗಿ ಕಾಣುತ್ತದೆ. ಅದರ ಮರಿಗಳು ಮುಂದಿನ ಪೀಳಿಗೆಗೆ ಸೇರುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಪೀಳಿಗೆ ಕಾಣುವ ಹಕ್ಕಿಯಲ್ಲಿ ಹೀಗೆ ಕೆಲವು ದಶಕ ನಡೆದರೆ, ಕೂರುವ ಗುಣ ತಳಿಯಿಂದಲೇ ಜಾರಿಹೋಗುತ್ತದೆ. ಪಂಜರದ ಇಳಿಜಾರು ತಂತಿಯ ಮೇಲೆ ಮೊಟ್ಟೆ ಉರುಳಿ ಹೊರಗೆ ಹೋಗುವಾಗ, ಕೂರಬೇಕೆನಿಸಿದ ಹಕ್ಕಿಗೂ ಕೂರಲು ಏನೂ ಉಳಿಯುವುದಿಲ್ಲ.

ಎರಡನೆಯ ಮಹಾಯುದ್ಧ ಈ ಹಕ್ಕಿಗಳನ್ನು ಬಹುಪಾಲು ಅಳಿಸಿಹಾಕಿತು. ಮನುಷ್ಯರಿಗೇ ಅನ್ನವಿಲ್ಲದಾಗ ಪಂಜರದ ಹಕ್ಕಿಗೆ ಕಾಳು ಎಲ್ಲಿಂದ ಬರಬೇಕು? ಹಾಡಿನ ತಳಿಗಳು ಪೂರ್ತಿ ಹೋದವು. ಯುದ್ಧ ಮುಗಿದ ಮೇಲೆ ಉಳಿದ ಕೆಲವೇ ಹಕ್ಕಿಗಳಿಂದ ಜಪಾನಿನ ಸಾಕಣೆಗಾರರು ಕಸುಬನ್ನು ಮತ್ತೆ ಕಟ್ಟಿದರು. ಇಂದು ಲೋಕದ ತುಂಬ ಹರಡಿರುವ ಮೊಟ್ಟೆ ತಳಿಗಳಿಗೆ ಆಗ ಕಟ್ಟಿದ ಬಳಗವೇ ಮೂಲ. ಕೆಲವೇ ಹಕ್ಕಿಗಳು ಹೊತ್ತು ತಂದ ವಂಶ ಇದು ಎಂಬುದನ್ನು ಮನೆಯಲ್ಲಿ ಸಾಕುವವರು ಮರೆಯಬಾರದು. ಒಂದೇ ಗೂಡಿನ ಅಣ್ಣ ತಂಗಿಯರನ್ನು ಕೂಡಿಸಿ ಮರಿ ಮಾಡಿಸುತ್ತ ಹೋದರೆ ಗೌಜಲಕ್ಕಿಯ ಕಸುವು ಬಹುಬೇಗ ಇಳಿಯುತ್ತದೆ. ಮೊಟ್ಟೆ ಫಲಿಸುವುದೂ ಮರಿ ಬದುಕುವುದೂ ಕಡಿಮೆಯಾಗುತ್ತದೆ. ಅದಕ್ಕೇ ನಾನು ಗಂಡುಗಳನ್ನು ಬೇರೆಯವರೊಂದಿಗೆ ಅದಲುಬದಲು ಮಾಡಿಕೊಳ್ಳುತ್ತೇನೆ.

ಅಲ್ಲಿಂದ ಹಕ್ಕಿ ಅಮೆರಿಕಕ್ಕೆ ಹೋಯಿತು. 1950ರ ದಶಕದಲ್ಲಿ ಅಲ್ಲಿಯ ಹಲವು ರಾಜ್ಯಗಳು ಬೇಟೆಗೆಂದು ಈ ಜಾತಿಯ ಹಕ್ಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೊಲಗಳಿಗೆ ಬಿಟ್ಟವು. ಹಕ್ಕಿ ಅಲ್ಲಿ ನೆಲೆ ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ಮಾತ್ರ ಅದಕ್ಕೆ ಜಾಗ ಸಿಕ್ಕಿತು. 1961ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲ್ಸನ್ ಮತ್ತು ಸಂಗಡಿಗರು, ಕೋಳಿಯ ಮೇಲೆ ಮಾಡಬೇಕಾದ ಪ್ರಯೋಗಗಳನ್ನು ಮೊದಲು ಈ ಚಿಕ್ಕ ಹಕ್ಕಿಯಲ್ಲಿ ಮಾಡಿ ನೋಡಬಹುದೆಂದು ತೋರಿಸಿದರು. ಜಾಗ ಕಡಿಮೆ, ಕಾಳು ಕಡಿಮೆ, ಪೀಳಿಗೆ ಬೇಗ. ಫ್ರಾನ್ಸಿನ ನಿಕೋಲ್ ಲೆ ದುವಾರೆನ್ 1969ರಲ್ಲಿ ಗೌಜಲಕ್ಕಿಯ ಜೀವಕೋಶವನ್ನು ಕೋಳಿಯ ಭ್ರೂಣದಲ್ಲಿ ನೆಟ್ಟು, ಕೋಶಕೇಂದ್ರದ ವ್ಯತ್ಯಾಸದಿಂದ ಅದು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿದರು. ನರಮಂಡಲ ಹೇಗೆ ರೂಪುಗೊಳ್ಳುತ್ತದೆ ಎಂಬ ತಿಳಿವಳಿಕೆಗೆ ಆ ಕೆಲಸ ದೊಡ್ಡ ದಾರಿ ತೆರೆಯಿತು.

1974ರಲ್ಲಿ ಡೇವಿಸ್‌ನಿಂದಲೇ ಗೌಜಲಕ್ಕಿ ಭಾರತಕ್ಕೆ, ಉತ್ತರ ಪ್ರದೇಶದ ಬರೇಲಿ ಪಕ್ಕದ ಇಜ್ಜತ್‌ನಗರಕ್ಕೆ ಬಂತು. 1979ರಲ್ಲಿ ಅಲ್ಲಿ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ಹವೆಗೆ ಒಗ್ಗುವ ತಳಿಗಳು ಅಲ್ಲಿಯೂ, ಆಮೇಲೆ ತಮಿಳುನಾಡಿನ ನಾಮಕ್ಕಲ್‌ನಲ್ಲಿಯೂ ತಯಾರಾದವು. ಕರ್ನಾಟಕದ ಸಂತೆಗಳಲ್ಲಿ, ಹೆದ್ದಾರಿಯ ಖಾನಾವಳಿಗಳಲ್ಲಿ ಕ್ವೇಲ್ ಎಂಬ ಫಲಕ ಕಾಣತೊಡಗಿದ್ದು ಈ ದಾರಿಯಿಂದ. ನಡುವೆ ಕಾನೂನಿನ ತೊಡಕೂ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಲಾವುಗೆಗಳನ್ನು ರಕ್ಷಿತ ಪಟ್ಟಿಯಲ್ಲಿ ಸೇರಿಸಿತ್ತು. ಜಪಾನಿ ತಳಿಗೂ ಅದು ಅನ್ವಯಿಸುತ್ತದೆಂದು 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೇಳಿದಾಗ ಸಾಕಣೆದಾರರು ಕಂಗಾಲಾದರು. 2013ರ ಡಿಸೆಂಬರಿನಲ್ಲಿ ಜಪಾನಿ ತಳಿಯನ್ನು ಕಾಯ್ದೆಯಿಂದ ಹೊರಗಿಡಲಾಯಿತು. ಹೊಲದ ಬುರ್ಲಿಗೆ ರಕ್ಷಣೆ ಹಾಗೆಯೇ ಉಳಿಯಿತು. ಈ ಎರಡನ್ನೂ ಬೇರೆ ಮಾಡಿ ನೋಡಿದ್ದು ಸರಿಯಾದ ತೀರ್ಮಾನ.

ಇನ್ನು ಮನೆಯ ಕೆಲಸಕ್ಕೆ ಬರುತ್ತೇನೆ. ಗೌಜಲಕ್ಕಿ ಮೊಟ್ಟೆ ಹತ್ತು ಗ್ರಾಮಿನ ಆಸುಪಾಸು. ಮರಿಯಾಗಲು 17ರಿಂದ 18 ದಿನ. ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಬಿಸಿ, ಬಟ್ಟಲಲ್ಲಿ ನೀರಿಟ್ಟು ಮೊದಲ ಎರಡು ವಾರ ಅರ್ಧದಷ್ಟು ತೇವ, ಕೊನೆಯ ಮೂರು ದಿನ ಶೇಕಡಾ 70ರ ಹತ್ತಿರ. ಬೀದರ ಸೀಮೆಯವರಿಗೆ ಚಳಿಗಿಂತ ಬೇಸಿಗೆಯೇ ಕಷ್ಟ. ಮೇ ತಿಂಗಳಲ್ಲಿ ಹೊರಗಿನ ಬಿಸಿಲು 40 ದಾಟಿದಾಗ ಬಲ್ಬು ಹತ್ತದೆಯೇ ಪೆಟ್ಟಿಗೆ ಕಾಯುತ್ತದೆ. ಕಾವಿಗೆ ಇಡುವ ಮೊದಲೇ ತೊಂದರೆ ಶುರುವಾಗುತ್ತದೆ: ಗೂಡಿನಿಂದ ತೆಗೆದ ಮೊಟ್ಟೆ ಬಿಸಿ ಕೋಣೆಯಲ್ಲಿ ಕೂತರೆ ಒಳಗಿನ ಜೀವ ಅರೆಬರೆ ಬೆಳೆಯತೊಡಗಿ ಸೊರಗುತ್ತದೆ. ಅದಕ್ಕೆ ನಾನು ಮಳೆ ಹಿಡಿದ ಮೇಲೆ ಇಲ್ಲವೇ ಚಳಿಗಾಲದಲ್ಲಿ ಮರಿ ಮಾಡಿಸುತ್ತೇನೆ. ಮೊಟ್ಟೆಗಳನ್ನು ಹಸಿ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ, ವಾರಕ್ಕಿಂತ ಹೆಚ್ಚು ಇಡದೆ ಕಾವಿಗೆ ಹಾಕುತ್ತೇನೆ. ಬಿರುಕು ಬಿಟ್ಟದ್ದು, ಆಕಾರ ಕೆಟ್ಟದ್ದು ಬೇಡ. ತೊಳೆಯುವುದಂತೂ ಬೇಡವೇ ಬೇಡ. ಓಡಿನ ಮೇಲಿನ ಪೊರೆ ರೋಗಾಣುವನ್ನು ತಡೆಯುತ್ತದೆ.

ಓಡಿನ ಮೇಲೆ ಕಂದು ಚುಕ್ಕೆ. ಒಂದು ಹೆಣ್ಣಿನ ಚುಕ್ಕೆ ಇನ್ನೊಂದರಂತಿಲ್ಲ. ಕೆಲವು ದಿನ ನೋಡಿದರೆ ಯಾವ ಮೊಟ್ಟೆ ಯಾರದೆಂದು ಹೇಳಬಹುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಸಂಶೋಧಕರು 2013ರಲ್ಲಿ ಇನ್ನೂ ಸೊಗಸಾದ ಸಂಗತಿ ಕಂಡರು. ಬೇರೆ ಬೇರೆ ಬಣ್ಣದ ಮರಳು ಹಾಸಿ ಕೊಟ್ಟಾಗ ಗೌಜಲಕ್ಕಿ ತನ್ನ ಮೊಟ್ಟೆಯ ಚುಕ್ಕೆ ಮರೆಯಾಗುವ ನೆಲವನ್ನೇ ಆರಿಸಿ ಅಲ್ಲಿ ಮೊಟ್ಟೆ ಇಟ್ಟಿತು. ಕಾವು ಮರೆತ ಹಕ್ಕಿಗೂ ತನ್ನ ಮೊಟ್ಟೆ ಬಚ್ಚಿಡುವ ಬುದ್ಧಿ ಉಳಿದಿದೆ.

ನನ್ನವ್ವ ಕೋಳಿ ಕೂರಿಸುವಾಗ ಬುಟ್ಟಿಗೆ ಬೂದಿ, ಹೊಟ್ಟು ಹಾಸುತ್ತಿದ್ದಳು. “ಕಾವಿಗಿ ಕುಂತ ಕೋಳಿಗಿ ಮುಟ್ಟಬ್ಯಾಡ್ರಿ” ಎಂದು ಮಕ್ಕಳನ್ನು ದೂರ ಇಡುತ್ತಿದ್ದಳು. ಆದರೂ ಇಣುಕಿ ನೋಡಿದವರಿಗೆ ಕಾಣುತ್ತಿತ್ತು: ಕೋಳಿ ಸುಮ್ಮನೆ ಕೂತಿಲ್ಲ, ಕೊಕ್ಕಿನಿಂದ ಮೊಟ್ಟೆಗಳನ್ನು ತಿರುವುತ್ತ, ಅಂಚಿನದನ್ನು ನಡುವಿಗೆ ಎಳೆಯುತ್ತ ಇರುತ್ತದೆ. ತಿರುವದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಹಾಗಾಗಿ ಹದಿನಾಲ್ಕನೆಯ ದಿನದವರೆಗೆ ನಾನೂ ದಿನಕ್ಕೆ ಹಲವು ಸಲ ತಿರುವುತ್ತೇನೆ. ಕರೆಂಟು ಹೋದರೆ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಒಳಗೆ ಬಿಸಿನೀರಿನ ಬಾಟಲಿ ಇಡುತ್ತೇನೆ. ಸ್ವಲ್ಪ ಹೊತ್ತು ತಣಿದರೆ ಮೊಟ್ಟೆ ತಡೆಯುತ್ತದೆ. ಒಂದೆರಡು ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಹೊತ್ತು ಕಳೆದರೆ ತಡೆಯುವುದಿಲ್ಲ.

ಹದಿನೈದನೆಯ ದಿನದಿಂದ ತಿರುವುವುದು ಬಂದ್. ಆಗ ಮೊಟ್ಟೆಗಳನ್ನು ಒರಟು ಬಟ್ಟೆಯ ಮೇಲೆ ಒಂದಕ್ಕೊಂದು ತಾಗಿಸಿ ಇಡುತ್ತೇನೆ. ಇದನ್ನು ನನಗೆ ಕಲಿಸಿದ್ದು ಕೇಂಬ್ರಿಜ್‌ನ ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲಿ ಮಾಡಿದ ಕೆಲಸ. ಕಾಡಿನಲ್ಲಿ ಹೆಣ್ಣು ದಿನಕ್ಕೊಂದರಂತೆ ಮೊಟ್ಟೆ ಇಡುತ್ತ ಹೋಗಿ, ಎಲ್ಲ ಮುಗಿದ ಮೇಲೆ ಕೂರುತ್ತದೆ. ಮರಿಗಳು ಹುಟ್ಟಿದ ಕೂಡಲೇ ನಡೆಯುತ್ತವೆ, ತಾಯಿ ಅವನ್ನು ಕರೆದುಕೊಂಡು ಗೂಡು ಬಿಡುತ್ತದೆ. ತಡವಾಗಿ ಒಡೆದ ಮರಿಗೆ ಅಲ್ಲಿ ಬದುಕಿಲ್ಲ. ಈ ಕಷ್ಟಕ್ಕೆ ಮರಿಗಳೇ ಪರಿಹಾರ ಮಾಡಿಕೊಂಡಿವೆ ಎಂದು ವಿನ್ಸ್ ಕಂಡುಕೊಂಡರು. ಓಡಿನೊಳಗಿಂದಲೇ ಅವು ಟಿಕ್ ಟಿಕ್ ಸದ್ದು ಮಾಡುತ್ತವೆ. ತಾಗಿಕೊಂಡ ಮೊಟ್ಟೆಗಳು ಆ ಸದ್ದನ್ನು ಗ್ರಹಿಸುತ್ತವೆ, ಹಿಂದುಳಿದದ್ದು ಬೇಗ ಬೇಗ ಬೆಳೆದು ಮುಂದಿನದರ ಜೊತೆಗೂಡುತ್ತದೆ. ಪೆಟ್ಟಿಗೆಗೆ ಕಿವಿಗೊಟ್ಟರೆ ಆ ಮಾತುಕತೆ ನಮಗೂ ಕೇಳಿಸುತ್ತದೆ.

ಓಡಿನಲ್ಲಿ ನಕ್ಷತ್ರದಂತೆ ಒಂದು ಬಿರುಕು ಕಂಡ ಮೇಲೆ ಮರಿ ಒಳಗೇ ಸುತ್ತು ತಿರುಗುತ್ತ ಅಗಲ ತುದಿಯನ್ನು ವೃತ್ತಾಕಾರ ಕೊರೆದು ಮುಚ್ಚಳದ ಹಾಗೆ ತಳ್ಳಿ ಬರುತ್ತದೆ. ಆಗ ನಾವು ಕೈ ಹಾಕಬಾರದು. ಭಂಡಾರವನ್ನು ಹೊಟ್ಟೆಗೆ ಎಳೆದುಕೊಳ್ಳುವ, ಪೊರೆಯ ರಕ್ತವನ್ನು ಹಿಂದಕ್ಕೆ ಪಡೆಯುವ ಕೆಲಸ ಆ ಹೊತ್ತಿನಲ್ಲಿ ನಡೆಯುತ್ತಿರುತ್ತದೆ. ಮುಚ್ಚಳ ಪದೇ ಪದೇ ತೆಗೆದರೂ ತೇವ ಹಾರಿ ಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ. ಹೊರಬಂದ ಮರಿ ಏಳೆಂಟು ಗ್ರಾಂ. ಹೊಟ್ಟೆಯೊಳಗಿನ ಭಂಡಾರ ಅದಕ್ಕೆ ಒಂದು ದಿನದ ಬುತ್ತಿ.

ಹೊರಬಂದ ಮೇಲೆ ತಾಯಿಯ ಕೆಲಸ ಮುಗಿಯಿತೇ? ಇದಕ್ಕೆ ಉತ್ತರ ಆಕಾಶದಲ್ಲಿ ಸಿಕ್ಕಿತು. 1990ರ ಮಾರ್ಚ್ 22ರಂದು ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಮಿರ್‌ನಲ್ಲಿ ಜಪಾನಿ ಗೌಜಲಕ್ಕಿಯ ಮರಿ ಮೊಟ್ಟೆಯೊಡೆದು ಬಂತು. ಅದಕ್ಕೆ ಕಾವು ಕೊಟ್ಟದ್ದು ಸ್ಲೊವಾಕಿಯಾದ ವಿಜ್ಞಾನಿಗಳ ಯಂತ್ರ. ಭೂಮಿಯ ಹೊರಗೆ ಹುಟ್ಟಿದ ಮೊದಲ ಹಕ್ಕಿ ಇದು. ಕಾವು ಸರಿಯಾಗಿತ್ತು, ತೇವ ಸರಿಯಾಗಿತ್ತು, ಮರಿ ಹುಟ್ಟಿತು. ಆದರೆ ಕಾಲಿಗೆ ನೆಲ ಸಿಗಲಿಲ್ಲ. ತೇಲಾಡುವ ಮರಿಗಳು ಕಾಳಿನ ಬಳಿ ನಿಲ್ಲಲಾರದೆ ತಾವಾಗಿ ತಿನ್ನಲಾಗದೆ ಹೋದವು. ಹುಟ್ಟಿಸುವುದೂ ಬದುಕಿಸುವುದೂ ಎರಡು ಬೇರೆ ಕೆಲಸ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ.

ಫ್ರಾನ್ಸಿನ ರೆನ್ ನಗರದ ಸಂಶೋಧಕರು ಇನ್ನೊಂದು ತುದಿಯಿಂದ ಇದನ್ನೇ ನೋಡಿದರು. ಎಂದೂ ಕಾವು ಕೂರದ ಹೆಣ್ಣು ಗೌಜಲಕ್ಕಿಯ ಜೊತೆ ಪುಟ್ಟ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಎಳೆಮರಿಗಳನ್ನು ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಹಲವು ಹೆಣ್ಣುಗಳು ಅವನ್ನು ರೆಕ್ಕೆಯಡಿಗೆ ತೆಗೆದುಕೊಂಡು ಕರೆಯತೊಡಗುತ್ತವೆ. ಗಿಡಗಂಟಿಯಿರುವ ವಿಶಾಲ ಆವರಣದಲ್ಲಿ ಬಿಟ್ಟಾಗ ಕೆಲವು ಹೆಣ್ಣುಗಳು ಗೂಡು ಮಾಡಿ ಕೂತದ್ದನ್ನೂ ವಿಜ್ಞಾನಿಗಳು ದಾಖಲಿಸಿದ್ದಾರೆ. ತಾಯ್ತನ ಆ ಹಕ್ಕಿಯಲ್ಲಿ ಪೂರ್ತಿ ಸತ್ತಿಲ್ಲ. ನಾವು ಕಟ್ಟಿದ ಪಂಜರದಲ್ಲಿ ಅದಕ್ಕೆ ಅವಕಾಶವಿಲ್ಲ.

ಪಕ್ಕದ ಮನೆಯಾಕೆಗೆ ಈಗ ನಾನು ಹೇಳುವ ಉತ್ತರ ಇದು. ಡಬ್ಬಿ ಮರಿ ಮಾಡುವುದಿಲ್ಲ. ಡಬ್ಬಿ ಬಿಸಿ ಕೊಡುತ್ತದೆ. ತಿರುವುವುದು, ತೇವ ನೋಡುವುದು, ಹುಟ್ಟಿದ ಮೇಲೆ ಮೊದಲ ವಾರ 35 ಡಿಗ್ರಿ ಬಿಸಿ ಕಾಯುವುದು, ನುಣ್ಣನೆಯ ಕಾಗದದ ಮೇಲೆ ಕಾಲು ಜಾರಿ ಊನವಾಗದಂತೆ ಒರಟು ಬಟ್ಟೆ ಹಾಸುವುದು, ನೀರಿನ ತಟ್ಟೆಯಲ್ಲಿ ಬಿದ್ದು ಸಾಯದಂತೆ ಗೋಲಿ ತುಂಬುವುದು, ಕೋಳಿಮರಿಯ ಆಹಾರವನ್ನು ಇನ್ನೂ ಸಣ್ಣಗೆ ಬೀಸಿ ಹಾಕುವುದು, ಎಲ್ಲವೂ ತಾಯಿಯ ಕೆಲಸವೇ. ಅದನ್ನು ಹಕ್ಕಿಯಿಂದ ಕಿತ್ತುಕೊಂಡವರು ನಾವು. ಕಿತ್ತುಕೊಂಡ ಮೇಲೆ ಅರ್ಧ ಮಾಡಿ ಬಿಡುವ ಹಕ್ಕು ನಮಗಿಲ್ಲ.

ಆದ್ದರಿಂದ ಮನೆಯಲ್ಲಿ ಮರಿ ಮಾಡಿಸಬೇಕೆನ್ನುವವರಲ್ಲಿ ನನ್ನ ಕೇಳಿಕೆ ಇಷ್ಟು. ಸಾಕಲು ಎಷ್ಟು ಜಾಗ, ಕಾಳು, ಹೊತ್ತು ಇದೆಯೋ ಅಷ್ಟೇ ಮೊಟ್ಟೆ ಕಾವಿಗೆ ಇಡಿ. ಗಂಡು ಮರಿಗಳೂ ಹುಟ್ಟುತ್ತವೆ; ಅವಕ್ಕೇನು ವ್ಯವಸ್ಥೆ ಎಂದು ಮೊದಲೇ ಯೋಚಿಸಿ. ಬೇಡವಾದ ಹಕ್ಕಿಗಳನ್ನು ಹೊಲಕ್ಕೆ ಬಿಡಬೇಡಿ. ಅವಕ್ಕೂ ಒಳ್ಳೆಯದಲ್ಲ, ಅಲ್ಲಿರುವ ಬುರ್ಲಿಗಳಿಗೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ತೊಗರಿ, ಜೋಳದ ಹೊಲಗಳ ಬದುವಿನಲ್ಲಿ ಗೂಡು ಕಂಡರೆ ಆ ಮೊಟ್ಟೆಗೆ ಕೈ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಮೊಟ್ಟೆಗೆ ಕಾವು ಕೂರಬಲ್ಲ ತಾಯಿ ಇನ್ನೂ ಇದೆ.